ಅರ್ಧ ಗಡ್ಡದ ಅಂಗಡಿ

ಮಗಳ ಕೈಯಲ್ಲಿದ್ದ ಬ್ರೆಡ್ಡಿನ ತುಂಡನ್ನು ಅವಳು ಕಿತ್ತುಕೊಂಡಾಗ ಗಂಡನ ಶವ ಇನ್ನೂ ನಡುಮನೆಯಲ್ಲೇ ಇತ್ತು.

ಕಿತ್ತುಕೊಂಡದ್ದೂ ಮೆಲ್ಲಗೇನಲ್ಲ. ತುಂಡು ತುಟಿಯ ಹತ್ತಿರ ಹೋಗಿತ್ತು, ಇನ್ನೊಂದು ಗಳಿಗೆ ಬಿಟ್ಟಿದ್ದರೆ ಒಳಗೆ ಇಳಿಯುತ್ತಿತ್ತು. ಬ್ರೆಡ್ಡು ತಂದುಕೊಟ್ಟಿದ್ದ ಓರಗಿತ್ತಿ ತಟ್ಟೆ ಹಿಡಿದುಕೊಂಡೇ ಬೆಪ್ಪಾಗಿ ನಿಂತಳು. ಗೋಡೆಗೆ ಒರಗಿ ಬಿಕ್ಕುತ್ತಿದ್ದ ಇಬ್ಬರು ಹೆಂಗಸರು ಬಿಕ್ಕುವುದನ್ನು ನಿಲ್ಲಿಸಿ ಇತ್ತ ನೋಡಿದರು.

“ಏನಿದು? ನಿನ್ನೆಯಿಂದ ಹುಡುಗಿ ಹೊಟ್ಟೆಗೆ ಏನೂ ಬಿದ್ದಿಲ್ಲ,” ಎಂದಳು ಓರಗಿತ್ತಿ.

“ಬೀಳಬಾರದು ಅಕ್ಕ. ನಾಳೆ ಬೆಳಿಗ್ಗೆ ಅವಳಿಗೆ ಕ್ಯಾಮೆರಾ ಟೆಸ್ಟ್ ಇದೆ. ಇವತ್ತು ಗಟ್ಟಿ ಏನೂ ತಿನ್ನೋ ಹಾಗಿಲ್ಲ. ಕರುಳು ಖಾಲಿ ಇರಬೇಕು.”

ಕರುಳು ಎಂದದ್ದೇ ತಡ, ನಡುಮನೆಯಲ್ಲಿ ಕೂತಿದ್ದವರೆಲ್ಲ ನೆಲ ನೋಡತೊಡಗಿದರು. ಇಪ್ಪತ್ತು ವರ್ಷಗಳಿಂದ ಆ ಮನೆತನದಲ್ಲಿ ನಾಲ್ಕು ಜನರೆದುರು ಯಾರೂ ಆ ಪದ ಬಳಸಿದವರಲ್ಲ. ‘ಅವನ ಆ ತೊಂದರೆ’ ಎನ್ನುತ್ತಿದ್ದರು, ಇಲ್ಲವೇ ‘ಅದು’. ಈಗ ಆ ಅದುವೇ ಮನುಷ್ಯನನ್ನು ನುಂಗಿ, ಬಿಳಿ ಬಟ್ಟೆ ಹೊದಿಸಿ ಮಲಗಿಸಿತ್ತು. ಆದರೂ ಹೆಸರು ಹೇಳಲು ನಾಚಿಕೆ! ಅವಳಿಗೆ ಮೈಯೆಲ್ಲ ಉರಿಯಿತು.

ಬಾಗಿಲ ಬಳಿ ನಿಂತು ಬಂದವರನ್ನು ವಿಚಾರಿಸಿಕೊಳ್ಳುತ್ತಿದ್ದ ಭಾವ ಒಳಗೆ ಬಂದ. ಗಂಡನ ಒಡಹುಟ್ಟಿದ ಅಣ್ಣ. ಊರಿನ ಸಮಾರಂಭಗಳಿಗೆಲ್ಲ ಮೈಕು, ಸ್ಪೀಕರು, ದೀಪದ ಸರ ಬಾಡಿಗೆಗೆ ಕೊಡುವುದು ಅವನ ಕಸುಬು. ಜೀವನವಿಡೀ ‘ಹಲೋ, ಮೈಕ್ ಟೆಸ್ಟಿಂಗ್’ ಎಂದದ್ದರಿಂದಲೋ ಏನೋ, ಎದುರಿಗೆ ಕೂತವರ ಜೊತೆಗೂ ಕೊನೆಯ ಸಾಲಿನವರಿಗೆ ಕೇಳಿಸುವಂತೆಯೇ ಮಾತಾಡುತ್ತಿದ್ದ. ಹಿಂದಿನಿಂದ ಎಲ್ಲರೂ ಅವನನ್ನು ಮೈಕ್ ಭಾವ ಎನ್ನುತ್ತಿದ್ದರು.

“ನಾಳೇನಾ? ಅಪ್ಪನ್ನ ಮಣ್ಣು ಮಾಡಿದ ಮಾರನೇ ದಿನ ಮಗಳು ಹೋಗಿ ಆ ಟೆಸ್ಟ್ ಮಾಡಿಸ್ಕೋತಾಳಾ? ನೋಡಮ್ಮ, ಬಂದ ಜನ ಏನಂದ್ಕೋಬೇಕು? ಮುಂದಿನ ತಿಂಗಳು ಮಾಡಿಸಿದ್ರಾಯ್ತು. ಈಗ ಅವಳಿಗೇನಾಗಿದೆ? ಗುಂಡುಕಲ್ಲಿನ ಹಾಗಿದಾಳೆ.”

“ಇವರೂ ಹಾಗೇ ಇದ್ರು ಭಾವ,” ಎಂದಳು ಅವಳು, ಶವದ ಕಡೆ ಕೈ ತೋರಿಸಿ.

ಗುಂಡುಕಲ್ಲಿನಂತಿದ್ದವನ ಕೆನ್ನೆ ಈಗ ಒಳಗೆ ಸೇದಿಹೋಗಿತ್ತು. ಗಂಡನ ಕ್ಷೌರದಂಗಡಿಗೆ ಪೈಪೋಟಿಯಾಗಿದ್ದ ಎದುರು ಬೀದಿಯ ಕ್ಷೌರಿಕ ಬೆಳಿಗ್ಗೆ ಯಾರೂ ಕರೆಯದೆಯೇ ಬಂದು, ಒಂದು ಮಾತೂ ಆಡದೆ, ಸತ್ತವನ ಗಡ್ಡ ನುಣ್ಣಗೆ ಹೆರೆದು ಹೋಗಿದ್ದ. ಇಷ್ಟು ಹೊತ್ತಿನಲ್ಲಿ ಅವಳಿಗೆ ಸರಿ ಅನ್ನಿಸಿದ್ದು ಅದೊಂದೇ.

ಮಗಳು ತಾಯಿಯ ಮುಖ ನೋಡದೆ ಹೇಳಿದಳು: “ಅಮ್ಮ, ಸುಮ್ನಿರು. ನಾನೇ ಫೋನ್ ಮಾಡಿ ಬೇರೆ ದಿನ ಕೇಳ್ತೀನಿ. ನನಗೀಗ ಏನೂ ಇಲ್ಲ.”

ನನಗೀಗ ಏನೂ ಇಲ್ಲ. ಅದೇ ಮಾತು, ಅದೇ ದನಿ. ಅಪ್ಪ ಬಾಯಿ ಮುಚ್ಚಿ ಎರಡು ದಿನ ಆಗಿಲ್ಲ, ಮಗಳು ಶುರು ಮಾಡಿದಳು.

* * *

ಗಂಡನ ಅಂಗಡಿಯ ಬೋರ್ಡಿನ ಮೇಲೆ ಏನೋ ಚೆಂದದ ಹೆಸರಿತ್ತು. ಬೀದಿಯವರ ಬಾಯಲ್ಲಿ ಮಾತ್ರ ಅದು ಅರ್ಧ ಗಡ್ಡದ ಅಂಗಡಿ.

ಎರಡು ಕುರ್ಚಿ, ಉದ್ದದ ಕನ್ನಡಿ, ಬಿಸಿನೀರಿನ ಬಟ್ಟಲು, ಒಂದು ರೇಡಿಯೊ. ಅಂಗಡಿ ಹಿಡಿದು ಒಂದೆರಡು ವರ್ಷ ಆಗಿರಬೇಕು, ಅಷ್ಟರಲ್ಲಿ ಆ ಹಾಳು ರೋಗ ಶುರುವಾಯಿತು. ಗಿರಾಕಿಯ ಎಡಗೆನ್ನೆ ಮುಗಿದು ಬಲಗೆನ್ನೆಗೆ ಕತ್ತಿ ಇಡಬೇಕು, ಹೊಟ್ಟೆಯೊಳಗೆ ಹಿಂಡಿದಂತಾಗುವುದು. “ಒಂದ್ನಿಮಿಷ” ಎಂದವನೇ ಕತ್ತಿಯನ್ನು ಬಟ್ಟಲಿಗೆ ಹಾಕಿ ಓಟ. ಅಂಗಡಿಗೆ ಸ್ವಂತ ಕಕ್ಕಸು ಇರಲಿಲ್ಲ. ಪಕ್ಕದ ಬೀಗ ರಿಪೇರಿಯವನ ಅಂಗಡಿಯೊಳಗಿಂದ ಹಾದು, ಹಿಂದಿನ ಓಣಿಯ ಕೊನೆಗೆ ಹೋಗಬೇಕು. ಗಿರಾಕಿ ಒಂದು ಕೆನ್ನೆಗೆ ನೊರೆ ಮೆತ್ತಿಕೊಂಡು ಕೂತಿರುವುದು. ಹೊಸಬರು ರೇಗಿ ಎದ್ದುಹೋಗುತ್ತಿದ್ದರು. ಹಳಬರು ಪೇಪರು ಬಿಡಿಸುತ್ತಿದ್ದರು. ಪೋಸ್ಟ್‌ಮ್ಯಾನ್ ಒಬ್ಬನಿದ್ದ, ದಿನಾ ಬರುವ ಗಿರಾಕಿ. ಒಮ್ಮೆ ತಡವಾಯಿತೆಂದು ಅರ್ಧ ಗಡ್ಡದಲ್ಲೇ ಎದ್ದುಹೋಗಿ, ಆ ಬೀದಿಯ ಕಾಗದಗಳನ್ನೆಲ್ಲ ಹಂಚಿ, ಮತ್ತೆ ಬಂದು ಕುರ್ಚಿಯಲ್ಲಿ ಕೂತ. ಊರೆಲ್ಲ ನಕ್ಕಿತು. ಅವಳ ಗಂಡನೂ ನಕ್ಕ. ನಗುವವರ ಜೊತೆ ನಗುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ನಗದವಳು ಅವಳೊಬ್ಬಳೇ. ಅವಳದು ಲಾಂಡ್ರಿಯ ಕೆಲಸ. ಊರವರ ಹಾಸು ಹೊದಿಕೆ ಒಗೆದು ಬಂದು, ಮನೆಯಲ್ಲಿ ಗಂಡನ ಒಳಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ತಣ್ಣೀರಿಗೆ ಹಾಕುತ್ತಿದ್ದಳು. ರಕ್ತದ ಕಲೆಗೆ ಬಿಸಿನೀರು ತಾಗಿತೋ, ಕಚ್ಚಿಕೊಂಡುಬಿಡುತ್ತದೆ. ಅವಳೇ ಅವನನ್ನು ಹೊರಡಿಸಿಕೊಂಡು ದೊಡ್ಡ ಆಸ್ಪತ್ರೆಗೆ ಹೋದದ್ದು. ದೊಡ್ಡ ಕರುಳಿನ ಒಳಮೈ ಉದ್ದಕ್ಕೂ ಹುಣ್ಣಾಗಿದೆ, ಇದಕ್ಕೆ ಅಲ್ಸರೇಟಿವ್ ಕೊಲೈಟಿಸ್ ಅನ್ನುತ್ತಾರೆ ಎಂದು ಡಾಕ್ಟರಮ್ಮ ವಿವರಿಸಿದಳು.

“ದಿನಕ್ಕೆ ಎಷ್ಟು ಸಲ ಹೋಗ್ತೀರಿ?”

“ಗಡ್ಡಕ್ಕೆ ಒಂದು ಸಲ ಮೇಡಂ.”

ಡಾಕ್ಟರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವಳೂ ನಕ್ಕಳು. ಅಂದಿನಿಂದ ಅವರಿಬ್ಬರ ನಡುವೆ ಅದೇ ಅಳತೆ. “ಈಗ ಎಷ್ಟು ಗಡ್ಡ ತಡೆಯುತ್ತೆ?” ಎಂದು ಅವಳು ಕೇಳುವುದು, ಇವನು ಹೇಳುವುದು. ಮಾತ್ರೆ ಹಿಡಿಯುತ್ತಾ ಬಂದ ಹಾಗೆ ಎರಡು ಗಡ್ಡ ತಡೆಯಿತು, ಐದು ತಡೆಯಿತು. ಒಂದು ದಿನ ಸಂಜೆ ಅಂಗಡಿಯಿಂದ ಬಂದವನೇ ಚಪ್ಪಲಿ ಬಿಡದೆ ಅಡುಗೆಮನೆಗೆ ನುಗ್ಗಿದ.

“ಇವತ್ತು ಬೆಳಿಗ್ಗೆಯಿಂದ ಒಂದೂ ಅರ್ಧ ಗಡ್ಡ ಇಲ್ಲ ಕಣೇ! ಎಲ್ಲ ಪೂರ್ತಿ!”

ಮದುವೆಯ ದಿನವೂ ಅವಳು ಆ ಮುಖದಲ್ಲಿ ಅಷ್ಟು ಸಂತೋಷ ಕಂಡಿರಲಿಲ್ಲ.

ಆ ಸಂತೋಷವೇ ಮುಳುವಾಯಿತು. ಡಾಕ್ಟರಮ್ಮ ಬಿಡಿಸಿ ಹೇಳಿದ್ದಳು: “ಈಗ ಹುಣ್ಣು ಸುಮ್ಮನಾಗಿದೆ, ಅಷ್ಟೆ. ಇಷ್ಟು ವರ್ಷ ಬೆಂದ ಜಾಗ ಏನಾಗಿದೆ ಅಂತ ಒಳಗೆ ನೋಡ್ತಾನೇ ಇರಬೇಕು. ಎಂಟು ಹತ್ತು ವರ್ಷ ದಾಟಿದಮೇಲೆ ಇಂಥವರಿಗೆ ಕರುಳಿನ ಕ್ಯಾನ್ಸರ್ ಬರೋ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಕಾಲಕಾಲಕ್ಕೆ ಬಂದು ಕ್ಯಾಮೆರಾ ಹಾಕಿಸ್ಕೊಳ್ಳಿ.” ಅವನು ಹೂಂಗುಟ್ಟಿದ. ಆದರೆ ಅವನ ಕೈಯಲ್ಲಿ ಅವನದೇ ಅಳತೆ ಇತ್ತಲ್ಲ! ಗಡ್ಡ ಪೂರ್ತಿಯಾಗುತ್ತಿದೆ ಎಂದಮೇಲೆ ಕಾಯಿಲೆ ಎಲ್ಲಿದೆ? ಅವಳು ನೆನಪಿಸಿದಾಗಲೆಲ್ಲ “ನನಗೀಗ ಏನೂ ಇಲ್ಲ” ಎಂದು ಹೇಳಿ, ರೇಡಿಯೊ ಜೋರು ಮಾಡುತ್ತಿದ್ದ. ಹಾಗೇ ವರ್ಷಗಳು ಉರುಳಿದವು.

ಈ ನಡುವೆ ಮಗಳಿಗೂ ಅದೇ ಬಂತು. ಕಾಲೇಜು ಮುಗಿಸುವ ಹೊತ್ತಿಗೆ ರಕ್ತ, ನೋವು, ಅದೇ ಓಟ. ಮಾತ್ರೆಗೆ ಅವಳದೂ ಬೇಗ ತಣ್ಣಗಾಯಿತು. ಅಪ್ಪ ಮಗಳು ಊಟದ ಮುಂದೆ ಮಾತ್ರೆಯ ಡಬ್ಬಿ ತೆರೆದು, “ನಿಂದೆಷ್ಟು, ನಂದೆಷ್ಟು” ಎಂದು ತಮಾಷೆ ಮಾಡುತ್ತಿದ್ದರು.

* * *

ಗೋರಿಗಳ ನಡುವೆ ಮೈಕು ನಿಂತಿತ್ತು. ಭಾವ ಸುಮ್ಮನೆ ಬಂದಾನೆಯೇ? ಸ್ಟ್ಯಾಂಡು, ವೈರು, ಮರಕ್ಕೆ ಕಟ್ಟಿದ ಸ್ಪೀಕರು, ಎಲ್ಲ ತಂದಿದ್ದ. ಗುಂಡಿಯ ಸುತ್ತ ಬೀದಿಯ ಗಂಡಸರೆಲ್ಲ ನಿಂತಿದ್ದರು. ನುಣ್ಣಗೆ ಗಡ್ಡ ಮಾಡಿಸಿಕೊಂಡು ಬಂದವರು ಎಷ್ಟೋ ಮಂದಿ. ಪೋಸ್ಟ್‌ಮ್ಯಾನ್ ಮಾತ್ರ ಅಂಗಡಿ ಮುಚ್ಚಿದ ಮೇಲೆ ತಿಂಗಳುಗಟ್ಟಲೆ ಬೇರೆ ಯಾರ ಕೈಗೂ ಕೆನ್ನೆ ಕೊಟ್ಟಿರಲಿಲ್ಲ, ಬಿಳಿ ಗಡ್ಡ ಎದೆಯ ಕಡೆ ಇಳಿದಿತ್ತು.

“ನನ್ನ ತಮ್ಮ,” ಎಂದು ಭಾವನ ದನಿ ಮರದಿಂದ ಇಳಿದುಬಂತು. “ಒಂದು ಕೆಟ್ಟ ಚಟ ಇಲ್ಲ, ಒಬ್ಬರಿಗೆ ಎದುರಾಡಿದವನಲ್ಲ. ಅಂಥವನಿಗೆ ಇದ್ದಕ್ಕಿದ್ದ ಹಾಗೆ ಈ ಮಾರಿ ಎಲ್ಲಿಂದ ಬಂತು? ಯಾರಿಗೂ ಒಂದು ಸುಳಿವು ಕೊಡದೆ ಬಂತು. ಮೊದಲೇ ಗೊತ್ತಾಗಿದ್ರೆ ಬಿಡ್ತಿದ್ವಾ ನಾವು? ಮನೆ ಮಠ ಮಾರಿ ಉಳಿಸ್ಕೋತಿರಲಿಲ್ವಾ? ಏನು ಮಾಡೋದು, ಯಾರಿಗೂ ಗೊತ್ತಿರಲಿಲ್ಲ.”

“ಗೊತ್ತಿತ್ತು,” ಎಂದಳು ಅವಳು.

ಅವಳು ಭಾವನ ಪಕ್ಕದಲ್ಲೇ ನಿಂತಿದ್ದಳು. ಜೋರಾಗಿ ಹೇಳುವ ಉದ್ದೇಶವಿತ್ತೋ ಇಲ್ಲವೋ, ಬಾಡಿಗೆಯ ಮೈಕಿಗೆ ಯಾರ ಮಾತಾದರೇನು. ಸ್ಪೀಕರಿನಿಂದ ಅವಳ ದನಿ ಹೊರಬಿದ್ದು, ಗೋಡೆಯಾಚೆ ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಕಾಲೂರಿ ನಿಂತ.

ಭಾವ ಅಂಗೈಯಿಂದ ಮೈಕು ಮುಚ್ಚಿದ. “ಏನಮ್ಮಾ ಇದು, ಇಲ್ಲಿ?”

“ಗೊತ್ತಿತ್ತು ಭಾವ. ಇವರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ನಿಮಗೆ ನಿಮ್ಮ ಮನೆ ಸೋಫಾ ಮೇಲೆ ಕೂತು ನಾನೇ ಹೇಳಿದ್ದೆ. ಅವರ ಮೇಲೆ ಮಣ್ಣು ಹಾಕಿ. ಈ ಸುಳ್ಳು ಮಾತ್ರ ಹಾಕಬೇಡಿ.”

ಪೋಸ್ಟ್‌ಮ್ಯಾನ್ ಬಾಗಿ ಮೊದಲ ಹಿಡಿ ಮಣ್ಣು ತೆಗೆದುಕೊಂಡ.

* * *

ಕೊನೆಗೂ ಅವಳು ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದದ್ದು ಮೂರು ವರ್ಷದ ಹಿಂದೆ. ಅದೂ ಅಂಗಡಿಗೆ ತಾನೇ ಬೀಗ ಹಾಕಿ, ಬೀಗದ ಕೈ ಬಚ್ಚಿಟ್ಟು. ಕ್ಯಾಮೆರಾ ಹಾಕಿ ನೋಡಿದರು, ಅಲ್ಲಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಡಾಕ್ಟರಮ್ಮ ಗಡ್ಡದ ಲೆಕ್ಕ ಕೇಳಲಿಲ್ಲ.

“ಇದು ಕ್ಯಾನ್ಸರ್ ಅಲ್ಲ. ಆದ್ರೆ ಅದರ ಹಿಂದಿನ ಮೆಟ್ಟಿಲು. ಒಳಗಿನ ಜೀವಕೋಶಗಳು ಆಕಾರ ಕೆಡ್ತಾ ಇವೆ, ಡಿಸ್ಪ್ಲೇಸಿಯಾ ಅಂತೀವಿ. ಒಂದು ಕಡೆ ಅಲ್ಲ, ಮೂರು ಕಡೆ ಸಿಕ್ಕಿದೆ. ಒಂದು ಕಡೆಯಂತೂ ಜೋರಾಗೇ ಇದೆ. ದೊಡ್ಡ ಕರುಳು ಪೂರ್ತಿ ತೆಗೆಸಿಬಿಡಿ. ಮಲ ಬೀಳೋಕೆ ಹೊಟ್ಟೆ ಮೇಲೆ ಒಂದು ಚೀಲ ಬರುತ್ತೆ. ಮುಂದೆ ಅದಿಲ್ಲದ ಹಾಗೆ ಮಾಡೋಕಾಗುತ್ತಾ ನೋಡೋಣ. ಈಗ ತೆಗೆಸಿದ್ರೆ ಕ್ಯಾನ್ಸರ್ ಬರೋ ಮುಂಚೆ ತೆಗೆಸಿದ ಹಾಗೆ. ತಡ ಮಾಡಬೇಡಿ.”

ಅಷ್ಟೂ ಮಾತಿನಲ್ಲಿ ಅವನು ಮನೆಗೆ ಹೊತ್ತುಕೊಂಡು ಬಂದದ್ದು ಮೊದಲ ಮೂರು ಪದ. ಅದೇ ವಾರ ಭಾವನ ಮಗಳ ಮದುವೆ. “ಡಾಕ್ಟ್ರು ಏನಂದ್ರೋ?” ಎಂದು ಅಣ್ಣ ಕೇಳಿದ, “ಕ್ಯಾನ್ಸರ್ ಅಲ್ಲ ಅಂದ್ರು” ಎಂದು ತಮ್ಮ ಹೇಳಿದ. ಉಳಿದದ್ದನ್ನು ನುಂಗಿಕೊಂಡ.

ಭಾವನ ಕೈಯಲ್ಲಿ ಮೈಕಿತ್ತು. ಅವನು ತಮ್ಮನನ್ನು ಪ್ರೀತಿಸುತ್ತಿದ್ದ, ಅದು ಸುಳ್ಳಲ್ಲ. “ಬಂಧುಗಳೇ, ಇವತ್ತು ನಮಗೆ ಎರಡು ಸಂತೋಷ. ಒಂದು ಈ ಮದುವೆ. ಇನ್ನೊಂದು, ನನ್ನ ತಮ್ಮನಿಗೆ ಕ್ಯಾನ್ಸರ್ ಇಲ್ಲ ಅಂತ ಡಾಕ್ಟ್ರು ಹೇಳಿದಾರೆ!” ಮದುವೆಯ ಸಭಾಂಗಣ ಚಪ್ಪಾಳೆಯಿಂದ ಬಿರಿಯಿತು. ವಧೂವರರೂ ಚಪ್ಪಾಳೆ ತಟ್ಟಿದರು. ಗುರುತಿಲ್ಲದವರು ಬಂದು ಅವನನ್ನು ತಬ್ಬಿಕೊಂಡರು, ಬೆನ್ನು ತಟ್ಟಿದರು. ಅವಳು ತೋಳು ಹಿಡಿದೆಳೆದು “ಉಳಿದದ್ದೂ ಹೇಳ್ರೀ” ಎಂದಳು. “ಮದುವೆ ಮನೇಲಿ ಕರುಳಿನ ಮಾತಾ? ನಿಂಗೆ ತಲೆ ನೆಟ್ಟಗಿದೆಯಾ?” ಎಂದ ಅವನು, ತಟ್ಟುವವರಿಗೆ ಇನ್ನೊಂದಿಷ್ಟು ಬೆನ್ನು ಕೊಡುತ್ತಾ.

ಮೈಕಿನಲ್ಲಿ ಒಮ್ಮೆ ಇಲ್ಲ ಎಂದಾದ ಮೇಲೆ ಯಾವ ಮುಖ ಇಟ್ಟುಕೊಂಡು ಆಪರೇಷನ್ನಿಗೆ ಹೋಗುವುದು? ಜನ ತಟ್ಟಿದ ಚಪ್ಪಾಳೆಯನ್ನು ಹಿಂದಿರುಗಿಸುವುದು ಹೇಗೆ? ಅವಳೇ ಭಾವನ ಮನೆಗೆ ಹೋಗಿ ಎಲ್ಲ ಬಿಡಿಸಿ ಹೇಳಿದಳು. ಭಾವ ತಮ್ಮನನ್ನೂ ಕರೆಸಿದ.

“ಕ್ಯಾನ್ಸರ್ ಅಲ್ಲ ಅಂದಮೇಲೆ ಕತ್ತರಿಸೋದು ಯಾಕೆ? ಇಲ್ಲದ ರೋಗಕ್ಕೆ ಕರುಳು ಕೊಡ್ತೀಯಾ? ಯೋಚನೆ ಮಾಡು, ನೀನು ಗಡ್ಡ ಮಾಡುವಾಗ ನಿನ್ನ ಹೊಟ್ಟೆ ಗಿರಾಕಿ ಕಿವಿ ಪಕ್ಕದಲ್ಲಿರುತ್ತೆ. ಅಲ್ಲಿ ಆ ಚೀಲ ಇಟ್ಕೊಂಡು ನಿಂತ್ರೆ ಯಾವನು ಬಂದು ಕೂರ್ತಾನೆ ನಿನ್ನ ಕುರ್ಚಿ ಮೇಲೆ?”

ಆ ಮಾತು ಅವನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತುಬಿಟ್ಟಿತು. ಆಮೇಲೆ ಅವಳು ಅತ್ತಳು, ಬೈದಳು, ತಿಂಗಳುಗಟ್ಟಲೆ ಮಾತು ಬಿಟ್ಟಳು. ಹೋಗಲಿ, ಮತ್ತೊಮ್ಮೆ ಕ್ಯಾಮೆರಾ ಆದರೂ ಹಾಕಿಸಿಕೊಂಡು ಬನ್ನಿ ಎಂದು ಅಂಗಲಾಚಿದಳು. “ಕಿವಿ ಪಕ್ಕದಲ್ಲೇ ಇರುತ್ತೆ ಕಣೇ,” ಎನ್ನುತ್ತಿದ್ದ ಅವನು, ಅದೊಂದೇ. ಎರಡು ವರ್ಷ ಒಂದೂ ಅರ್ಧ ಗಡ್ಡ ಇಲ್ಲದೆ ದುಡಿದ. ಆಮೇಲೆ ಬೆಲ್ಟಿಗೆ ಹೊಸ ತೂತು ಹೊಡೆಸಿಕೊಂಡ, ಇನ್ನೊಂದು ಹೊಡೆಸಿಕೊಂಡ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕ್ಯಾನ್ಸರ್ ಲಿವರಿಗೂ ಹಬ್ಬಿತ್ತು.

ವಾರ್ಡಿನಲ್ಲಿ ಡಾಕ್ಟರಮ್ಮ ಅವಳನ್ನು ಪಕ್ಕಕ್ಕೆ ಕರೆದಳು. “ನಿಮ್ಮ ಮಗಳಿಗೂ ಇದೆ ಅಂದಿದ್ರಲ್ಲ, ಎಷ್ಟು ವರ್ಷ ಆಯ್ತು?”

“ಹತ್ತು ದಾಟಿತು.”

“ಕೊನೇ ಸಲ ಕ್ಯಾಮೆರಾ ಹಾಕಿಸಿದ್ದು ಯಾವಾಗ?”

ಶುರುವಿನಲ್ಲಿ ಹಾಕಿಸಿದ್ದು ಬಿಟ್ಟರೆ ಹಾಕಿಸಿಯೇ ಇರಲಿಲ್ಲ.

* * *

ಮಣ್ಣು ಮುಗಿಸಿ ಬಂದವರಿಂದ ಮನೆ ತುಂಬಿಹೋಗಿತ್ತು. ಚಹಾ ಸುತ್ತು ಬರುತ್ತಿತ್ತು. ಅವಳು ಯಾರನ್ನೂ ಮಾತಾಡಿಸದೆ ಒಳಗೆ ಹೋಗಿ, ಆಸ್ಪತ್ರೆಯಲ್ಲಿ ಕೊಟ್ಟಿದ್ದ ಕರುಳು ತೊಳೆಯುವ ಪುಡಿಯ ಪೊಟ್ಟಣ ಒಡೆದು ಜಗ್ಗಿನ ನೀರಿಗೆ ಸುರಿದು ಕದಡಿದಳು. ಜಗ್ಗು, ಗ್ಲಾಸು ಹಿಡಿದು ಮಗಳ ಕೋಣೆಗೆ ಹೋದಳು. ಮಗಳು ಗೋಡೆ ಕಡೆ ತಿರುಗಿ ಮಲಗಿದ್ದಳು.

“ಏಳು. ಇದನ್ನ ಕುಡಿಯೋ ಹೊತ್ತಾಯ್ತು.”

“ಅಮ್ಮ, ನಿನಗೆ ಮನಸ್ಸು ಅನ್ನೋದಿದೆಯಾ? ಅಪ್ಪನ್ನ ಹೂತು ಈಗಷ್ಟೇ ಬಂದಿದೀವಿ.”

“ಅದಕ್ಕೇ ಹೇಳ್ತಿರೋದು.”

“ದೊಡ್ಡಪ್ಪನ ಮೇಲಿನ ಸಿಟ್ಟೆಲ್ಲ ನನ್ನ ಮೇಲೆ ತೀರಿಸ್ಕೋಬೇಡ.”

“ದೊಡ್ಡಪ್ಪನ ಮೇಲೆ ಅರ್ಧ ಸಿಟ್ಟು. ಇನ್ನರ್ಧ ನಿಮ್ಮಪ್ಪನ ಮೇಲೆ. ಕಿವಿ ಪಕ್ಕ ಅಂತೆ, ಕಿವಿ! ಯಾವನದೋ ಕಿವಿಗೋಸ್ಕರ ನನ್ನ ಬಿಟ್ಟು ಹೋದ್ರಲ್ಲ! ಹೂಂ, ನಿನ್ನ ಮೇಲೇ ತೀರಿಸ್ಕೋತೀನಿ. ಇನ್ನು ಯಾರಿದಾರೆ ನನಗೆ?”

ಮಗಳು ಎದ್ದು ಕೂತಳು. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದಳು, ದಿನವಿಡೀ ಬೇರೆಯವರಿಗೆ ಬ್ರೇಕು ಹಾಕು, ಗೇರು ಬದಲಿಸು ಎಂದು ಹೇಳಿ ಹೇಳಿ ಗಂಟಲು ಒರಟಾಗಿತ್ತು. ಈಗ ಆ ಗಂಟಲಿನಿಂದ ಚಿಕ್ಕ ಹುಡುಗಿಯ ದನಿ ಬಂತು.

“ಏನಾದ್ರೂ ಸಿಕ್ಕಿದ್ರೆ ಅಮ್ಮ?”

ಓಹೋ, ಇದು ಇತ್ತೇನು ಒಳಗೆ! ತಾಯಿ ಮಂಚದ ಅಂಚಿನಲ್ಲಿ ಕೂತಳು.

“ರಸ್ತೆ ಖಾಲಿ ಇದ್ರೂ ಕನ್ನಡಿ ನೋಡು ಅಂತ ಕಲಿಯೋರಿಗೆ ಕಿರುಚ್ತೀಯಲ್ಲ. ನೋಡಿದ್ರೆ ಹಿಂದೆ ಲಾರಿ ಹುಟ್ಕೊಳ್ಳುತ್ತಾ? ಇದ್ರೆ ಕಾಣುತ್ತೆ. ಹೆಚ್ಚಿನಂಶ ಏನೂ ಇರಲ್ಲ ಅಂದಿದಾರೆ ಡಾಕ್ಟರಮ್ಮ. ಇದ್ರೆ ತೆಗೆಸೋಣ. ಚೀಲ ಹಾಕಿದ್ರೆ ಹಾಕ್ಲಿ. ಚೀಲ ಹಾಕ್ಕೊಂಡು ನನ್ನೆದುರಿಗೆ ಕೂತು ನನ್ನ ಬೈತಾ ಇರು. ಬೈಯೋದಕ್ಕಾದ್ರೂ ಇರು ಕಣೇ.”

ಮಗಳು ಕಣ್ಣೊರೆಸಿಕೊಂಡು ಗ್ಲಾಸಿಗೆ ಕೈ ಚಾಚಿದಳು. ಒಂದು ಗುಟುಕು ಕುಡಿದು ಮುಖ ಕಿವುಚಿದಳು. “ಥೂ! ಸೋಪಿನ ನೀರಿನ ಹಾಗಿದೆ.”

“ಮೂಗು ಹಿಡ್ಕೊಂಡು ಕುಡಿ. ಹೋಗೋದು ತಿಳಿನೀರಿನ ಹಾಗಾಗೋ ತನಕ ಕುಡೀತಾನೇ ಇರಬೇಕಂತೆ. ಒಳಗೆ ಕಸ ಉಳಿದ್ರೆ ಕ್ಯಾಮೆರಾಗೆ ಏನೂ ಕಾಣಲ್ಲ.”

ಎರಡನೇ ಗ್ಲಾಸು ಮುಗಿದು ಸ್ವಲ್ಪ ಹೊತ್ತಿಗೆ ಮಗಳು ಹೊಟ್ಟೆ ಹಿಡಿದುಕೊಂಡು ನಡುಮನೆಯ ಮೂಲಕ ಓಡಿದಳು. ಆ ಮನೆಗೆ ಇದ್ದದ್ದು ಒಂದೇ ಟಾಯ್ಲೆಟ್ಟು, ಅದೂ ನಡುಮನೆಗೆ ಅಂಟಿಕೊಂಡೇ. ಸಂತಾಪ ಹೇಳುತ್ತಾ ಕೂತವರ ಮಾತು ಅರ್ಧಕ್ಕೇ ನಿಂತಿತು. ಒಳಗಿನ ಸದ್ದು ಅವರಿಗೂ ಕೇಳಿಸಿತು. ಒಬ್ಬ ಕೆಮ್ಮಿದ, ಇನ್ನೊಬ್ಬ ಹವೆಯ ವಿಷಯ ತೆಗೆದ. ಓರಗಿತ್ತಿ ಮೂಗು ಮುರಿದಳು.

ತಾಯಿ ಊಟದ ಮೇಜಿನ ಒಂದು ಕುರ್ಚಿ ಎಳೆದುಕೊಂಡು ಹೋಗಿ, ಟಾಯ್ಲೆಟ್ಟಿನ ಬಾಗಿಲಿಗೆ ಅಡ್ಡ ಹಾಕಿ ಕೂತಳು. ತೊಡೆಯ ಮೇಲೆ ಜಗ್ಗು.

ಸ್ವಲ್ಪ ಹೊತ್ತಿಗೆ ಭಾವ ಎದ್ದು ಬಂದ. ಸಕ್ಕರೆ ಕಾಯಿಲೆಯ ಮನುಷ್ಯ, ಅದರ ಮೇಲೆ ಮೂರು ಲೋಟ ಚಹಾ.

“ಸ್ವಲ್ಪ ಜಾಗ ಬಿಡಮ್ಮ. ಅವಳು ಬಂದಮೇಲೆ ನಾನು ಹೋಗ್ತೀನಿ.”

“ಅವಳು ಬರಲ್ಲ ಭಾವ. ಬಂದ್ರೂ ಮತ್ತೆ ಹೋಗಬೇಕು. ಇವತ್ತು ಇದು ಅವಳದು.”

“ಮನೆ ತುಂಬ ಜನ ಇದಾರೆ. ನಾವೆಲ್ಲಿಗೆ ಹೋಗೋದು?”

“ಅಂಗಡಿ ಹಿಂದಿನ ಓಣಿಗೆ ಹೋಗಿ. ಇವರು ಅಷ್ಟು ವರ್ಷ ಓಡಲಿಲ್ವಾ?”

ಭಾವ ಅತ್ತಿತ್ತ ನೋಡಿದ. ಕಾಲು ಬದಲಿಸಿದ. ಹೋಗಲೂ ಇಲ್ಲ, ಕೂರಲೂ ಇಲ್ಲ.

ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. ಮಗಳ ಕೈ ಖಾಲಿ ಗ್ಲಾಸು ಹಿಡಿದು ಹೊರಗೆ ಬಂತು.

“ಬಣ್ಣ ಏನು?” ಎಂದು ತಾಯಿ ಕೇಳಿದಳು.

“ಅಮ್ಮಾ, ಮೆತ್ತಗೆ!”

“ಮೆತ್ತಗೆ ಯಾಕೆ? ಬಣ್ಣ ಏನು ಹೇಳು.”

ನಡುಮನೆಯಲ್ಲಿ ಚಹಾದ ಲೋಟಗಳು ಅರ್ಧ ದಾರಿಯಲ್ಲೇ ನಿಂತವು. ಒಳಗಿನಿಂದ ಮಗಳ ಒರಟು ದನಿ, ಬೀದಿಯಲ್ಲಿ ಬ್ರೇಕು ಹಾಕು ಎಂದು ಕೂಗುವ ದನಿ, ಮನೆಯಲ್ಲಿದ್ದವರಿಗೆಲ್ಲ ಕೇಳಿಸುವಂತೆ ಬಂತು.

“ಇನ್ನೂ ಹಳದಿ!”

ತಾಯಿ ಗ್ಲಾಸು ತುಂಬಿ ಆ ಕೈಗೆ ಕೊಟ್ಟಳು.